ಅಪ್ಪಯ್ಯನ ಗಾಳಕ್ಕೊಂದು ಕಣ್ಣು

ಮನೆ ಕೊಳ್ಳುವಾಗ ನಾವು ಮೂರು ಮನೆಗಳನ್ನು ನೋಡಿ ನಾಲ್ಕನೆಯದಕ್ಕೆ ಮುಂಗಡ ಕೊಟ್ಟವರು. ಮಗನನ್ನು ಶಾಲೆಗೆ ಸೇರಿಸುವಾಗ ನೋಡಿದ್ದು ಎರಡೇ ಶಾಲೆ. ಆದರೆ ನೀರಿನೊಳಗೆ ಇಳಿಬಿಟ್ಟು ಮೀನು ನೋಡುವ ಒಂದು ಕ್ಯಾಮೆರಾ ಆರಿಸುವುದಕ್ಕೆ ನಮಗೆ ಐದು ತಿಂಗಳು ಹಿಡಿಯಿತು. ಅದೂ, ಗಾಳಕ್ಕೆ ಎರೆಹುಳು ಸಿಕ್ಕಿಸಲು ಕೈ ನಡುಗುವ ನಮಗೆ! ಇಲ್ಲಿ ‘ನಾವು’ ಎಂದರೆ ದಂಪತಿಗಳಿಬ್ಬರು. ಒಬ್ಬರು ಹೇಳುತ್ತ ಹೋದುದನ್ನು ಇನ್ನೊಬ್ಬರು ಬರೆದಿದ್ದೇವೆ. ಹೇಳಿದವರು ಯಾರು, ಬರೆದವರು ಯಾರು ಎಂಬುದು ಮನೆಯ ಮಾತು. ಅದನ್ನು ವಾಚಕರು ಕೇಳಬಾರದು.

ಕ್ಯಾಮೆರಾ ಬೇಕಾದದ್ದು ಅಪ್ಪಯ್ಯನಿಗೆ. ಅಪ್ಪಯ್ಯ ತೀರ್ಥಹಳ್ಳಿಯ ಕಡೆಯವರು. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಯ ಕಡೆಗೆ ಏರಿ ಬರುವ ಹತ್ತುಮೀನನ್ನು ರಾತ್ರಿಯೆಲ್ಲ ಕಾದು ಹಿಡಿದವರು. ಹಳ್ಳಕ್ಕೆ ಕೂಣಿ ಒಡ್ಡಿದವರು. ಬೇಸಗೆಯಲ್ಲಿ ತುಂಗೆಯ ಮಡುವಿಗೆ ಗಾಳ ಹಾಕಿ ಮಧ್ಯಾಹ್ನದ ಊಟ ಮರೆತವರು. ಅದೇ ತುಂಗೆಯ ಛಿಬ್ಬಲುಗುಡ್ಡೆಯಲ್ಲಿ ಮಾತ್ರ ಗಾಳವಿಲ್ಲ. ಅಲ್ಲಿ ದೇವಸ್ಥಾನದ ಬಳಿಯ ಮೀನು ದೇವರ ಮೀನು. ಅಲ್ಲಿ ಮಂಡಕ್ಕಿ ಎರಚಿ, ತಿಳಿನೀರಿನಲ್ಲಿ ಮೊಳದುದ್ದದ ಮೀನುಗಳು ಒಂದರ ಮೈಮೇಲೊಂದು ಬೀಳುವುದನ್ನು ನೋಡಿಯೇ ಮೀನಿನ ಬುದ್ಧಿ ಕಲಿತೆನೆಂದು ಅಪ್ಪಯ್ಯ ಹೇಳುವುದುಂಟು.

ಅವ್ವ ತೀರಿಕೊಂಡ ಮೇಲೆ, ಆರು ವರ್ಷಗಳ ಹಿಂದೆ, ಅಪ್ಪಯ್ಯ ಪುಣೆಗೆ ನಮ್ಮಲ್ಲಿಗೆ ಬಂದರು. ಬರುವಾಗ ತಂದದ್ದು ಒಂದು ಟ್ರಂಕು, ಅವ್ವನ ಒಂದು ಫೋಟೋ, ಮತ್ತು ಬಟ್ಟೆಯಲ್ಲಿ ಸುತ್ತಿದ ಗಾಳದ ಕೋಲು. ನಾಲ್ಕನೆಯ ಮಹಡಿಯ ಮನೆಯಲ್ಲಿ ಗಾಳದ ಕೋಲಿಗೆ ಏನು ಕೆಲಸ? ಆದರೂ ಬಾಗಿಲ ಹಿಂದೆ ಒಂದು ಮೊಳೆ ಹೊಡೆದು ಅದಕ್ಕೆ ಜಾಗ ಮಾಡಿದೆವು. ಮಾತಿಗೆ ಮರಾಠಿ ಬಾರದು, ಕನ್ನಡಕ್ಕೆ ಜನ ಸಿಕ್ಕರು. ಅಪ್ಪಯ್ಯ ಬಾಲ್ಕನಿಯಲ್ಲಿ ಕುಳಿತು ರಸ್ತೆ ನೋಡುತ್ತಿದ್ದರು. ಆಗ ಹೊಳೆದದ್ದು ಪವನಾ ಅಣೆಕಟ್ಟಿನ ಹಿನ್ನೀರು. ತಿಂಗಳಿಗೆ ಎರಡು ಭಾನುವಾರ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುವುದು ಪದ್ಧತಿಯಾಯಿತು. ಅಲ್ಲಿ ಮೀನು ಹಿಡಿಯುವವರನ್ನು ಕೇಳಿ, ಅವರು ತೋರಿಸಿದ ಜಾಗದಲ್ಲಿ ಅಪ್ಪಯ್ಯ ಕೂರುತ್ತಿದ್ದರು. ಅವರದು ಮರಾಠಿ, ಇವರದು ತೀರ್ಥಹಳ್ಳಿಯ ಕನ್ನಡ. ಮೀನಿನ ವಿಷಯಕ್ಕೆ ಬಂದಾಗ ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು.

ಹೋದ ವರ್ಷ ಯುಗಾದಿ ಕಳೆದ ಮೇಲಿನ ಒಂದು ಭಾನುವಾರ. ಬೆಂಡು ನೀರಿನಲ್ಲಿ ಒಮ್ಮೆ ಕುಣಿಯಿತು, ಮತ್ತೊಮ್ಮೆ ಕುಣಿಯಿತು, ಮುಳುಗಿಯೇ ಹೋಯಿತು. ಅಪ್ಪಯ್ಯ ಕೋಲು ಹಿಡಿದು ಸುಮ್ಮನೆ ಕುಳಿತಿದ್ದರು. “ಅಜ್ಜಯ್ಯ, ಎಳೀರಿ!” ಎಂದು ಮಗ ಕೂಗಿದ. ಅವರು ಎಳೆಯುವ ಹೊತ್ತಿಗೆ ಮೀನು ಎರೆಯನ್ನು ಕಿತ್ತುಕೊಂಡು ಹೋಗಿತ್ತು. ಹೀಗೆ ಎರಡು ಸಲವಾಯಿತು. ಮೂರನೆಯ ಸಲ ಅಪ್ಪಯ್ಯ ದಾರ ಸುತ್ತಿಬಿಟ್ಟರು. “ಬೆಂಡು ಕಾಣ್ತಿಲ್ಲ ಮಾರಾಯ. ಇನ್ನು ಸಾಕು,” ಎಂದರು, ಅಷ್ಟೇ.

ಕಣ್ಣಿನ ಡಾಕ್ಟರು ಪರೀಕ್ಷಿಸಿ ಗ್ಲಾಕೋಮಾ ಎಂದರು. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸದ್ದಿಲ್ಲದೆ ಸವೆಯುವ ರೋಗ. ಮೊದಲು ಹೋಗುವುದು ಬದಿಯ ನೋಟ. ನಡುವಿನ ನೋಟ ಉಳಿದಿರುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ. ಹೋದದ್ದು ಮರಳುವುದಿಲ್ಲ. ಉಳಿದದ್ದನ್ನು ದಿನವೂ ತಪ್ಪದೆ ಹನಿ ಔಷಧಿ ಹಾಕಿ ಕಾಪಾಡಿಕೊಳ್ಳಬೇಕು. ಇದು ಮನೆತನದಲ್ಲಿ ಹರಿದುಬರುವುದುಂಟಾದ್ದರಿಂದ ಮಕ್ಕಳೂ ಕಣ್ಣು ತೋರಿಸಿಕೊಳ್ಳಬೇಕೆಂದರು, ನಾವು ತೋರಿಸಿಕೊಂಡೆವು. ವಾಚಕರ ಮನೆಯಲ್ಲಿಯೂ ಇಂಥ ಹಿರಿಯರಿದ್ದರೆ ಈ ಒಂದು ಮಾತನ್ನು ದಯಮಾಡಿ ಮರೆಯಬಾರದು.

ಗಾಳದ ಕೋಲು ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಅಪ್ಪಯ್ಯ ಬಾಲ್ಕನಿಗೆ ಮರಳಿದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕೇಳಿದರೆ ಉತ್ತರ ಕೊಡುತ್ತಿದ್ದರು. ಮೀನು ಸಾರು ಮಾಡಿದ ದಿನವೂ ಯಾವ ಮೀನು, ಎಲ್ಲಿಯದು ಎಂದು ಕೇಳಲಿಲ್ಲ. ಅದು ನಮಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಜುಲೈ ತಿಂಗಳಲ್ಲಿ ಮಗ ಒಂದು ಮಾತು ತೆಗೆದ. “ಅಜ್ಜಯ್ಯ ಟೀವಿ ನೋಡ್ತಾರಲ್ಲ? ಎದುರಿಗಿರೋದು ಕಾಣತ್ತೆ. ಬೆಂಡಿನ ಬದಲು ನೀರೊಳಗೇ ಒಂದು ಕ್ಯಾಮೆರಾ ಬಿಟ್ಟು, ಪರದೇನ ಅವರ ಮುಂದೆ ಇಟ್ಟರೆ?” ನಾವು ನಕ್ಕೆವು. ರಾತ್ರಿ ಮಲಗಿದ ಮೇಲೆ ನಗು ನಿಂತು ಯೋಚನೆ ಶುರುವಾಯಿತು. ಬೆಳಿಗ್ಗೆ ಏಳುವ ಹೊತ್ತಿಗೆ ಕೊಳ್ಳುವುದೆಂದು ನಿಶ್ಚಯವಾಗಿತ್ತು.

ಮೊದಲ ಖರೀದಿ ಶುದ್ಧ ಅವಿವೇಕ. ಮೊಬೈಲಿನಲ್ಲೇ ತೆರೆದಿರುವ ಅಂಗಡಿಯೊಂದರಲ್ಲಿ, ತಂತಿಯಿಲ್ಲದ, ನೇರವಾಗಿ ಫೋನಿನಲ್ಲಿಯೇ ಚಿತ್ರ ತೋರುವ ಪುಟ್ಟ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತು. ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟ ಒಂದು ದಿನ ಒಯ್ದು ಹಿನ್ನೀರಿಗೆ ಬಿಟ್ಟೆವು. ಒಂದು ಗೇಣು ಇಳಿದದ್ದೇ ತಡ, ಚಿತ್ರ ಮಾಯ! ಮೇಲೆತ್ತಿದರೆ ಚಿತ್ರ ಬರುತ್ತದೆ, ಮುಳುಗಿಸಿದರೆ ಹೋಗುತ್ತದೆ. ಮಗ ಆಮೇಲೆ ತಿಳಿದುಕೊಂಡು ಹೇಳಿದ: ಫೋನಿನ ವೈಫೈ ಅಲೆಯನ್ನು ನೀರು ಕೆಲವೇ ಬೆರಳುಗಳ ದೂರದಲ್ಲಿ ನುಂಗಿಬಿಡುತ್ತದೆ. ತಂತಿಯಿಲ್ಲದ ಕ್ಯಾಮೆರಾ ನೀರೊಳಗೆ ಚಿತ್ರವನ್ನು ತನ್ನ ಹೊಟ್ಟೆಯಲ್ಲಿ ಬರೆದಿಟ್ಟುಕೊಂಡು ಮೇಲೆ ಬಂದ ಮೇಲೆ ತೋರಿಸಬಲ್ಲದು. ಇಲ್ಲವೆ ತೇಲುವ ಬುರುಡೆಯೊಂದಕ್ಕೆ ತಂತಿ ಕಟ್ಟಿ, ಆ ಬುರುಡೆಯಿಂದ ಗಾಳಿಯಲ್ಲಿ ಚಿತ್ರ ಕಳಿಸಬೇಕು. ಮೀನು ಹೋದ ಮೇಲೆ ಮೀನಿನ ಚಿತ್ರ ನೋಡಿ ಅಪ್ಪಯ್ಯ ಮಾಡುವುದೇನು? ಅದನ್ನು ಹಿಂದಿರುಗಿಸಿದೆವು. ಹಣ ಬರಲು ಒಂದು ತಿಂಗಳಾಯಿತು. ಬುದ್ಧಿ ಮಾತ್ರ ತಕ್ಷಣ ಬಂತು. ತಂತಿಯಿರುವುದೇ ಬೇಕು.

ಎರಡನೆಯ ಪಾಠ ನೀರಿನದು. ಈ ಬಗೆಯ ಕ್ಯಾಮೆರಾಗಳಿಗೆ ಹೆಚ್ಚು ಗಿರಾಕಿಗಳಿರುವುದು ಕೆನಡಾದಲ್ಲಿ, ಅಮೆರಿಕದ ಉತ್ತರ ಭಾಗದಲ್ಲಿ. ಅಲ್ಲಿ ಚಳಿಗಾಲಕ್ಕೆ ಸರೋವರ ಹೆಪ್ಪುಗಟ್ಟುತ್ತದೆ. ಜನ ಮಂಜಿನಲ್ಲಿ ತೂತು ಕೊರೆದು ಗಾಳ ಇಳಿಬಿಟ್ಟು ಕೂರುತ್ತಾರೆ. ಗಾಳಿಯ ಅಲೆಯಿಲ್ಲ, ಮಳೆಯ ಕೆಸರಿಲ್ಲ; ನೀರು ಕನ್ನಡಿ. ಪೆಟ್ಟಿಗೆಯ ಮೇಲೆ ಅಚ್ಚಾದ ಚೆಂದದ ಮೀನು ಅಂಥ ನೀರಿನದು. ನಮ್ಮ ಹಿನ್ನೀರಿಗೆ ಜೂನಿನಿಂದ ಸೆಪ್ಟೆಂಬರಿನ ತನಕ ಸಹ್ಯಾದ್ರಿಯ ಮಣ್ಣೆಲ್ಲ ಇಳಿದು ಬರುತ್ತದೆ. ಅಲ್ಲಿ ಲಕ್ಷ ರೂಪಾಯಿಯ ಕ್ಯಾಮೆರಾ ಬಿಟ್ಟರೂ ಕಾಣುವುದು ಚಹಾದ ಬಣ್ಣವೊಂದೇ.

ಹಾಗಾದರೆ ನೀರನ್ನು ಅಳೆಯುವುದು ಹೇಗೆ? ಇದಕ್ಕೆ ಇಟಲಿಯ ಪಾದ್ರಿಯೂ ಖಗೋಳಜ್ಞನೂ ಆಗಿದ್ದ ಆಂಜೆಲೊ ಸೆಕ್ಕಿ 1865ರಲ್ಲಿಯೇ ಉಪಾಯ ತೋರಿದ್ದಾನೆ. ಒಂದು ಬಿಳಿಯ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಬೇಕು. ಎಷ್ಟು ಆಳದಲ್ಲಿ ಅದು ಕಣ್ಣಿಗೆ ಮರೆಯಾಗುವುದೋ ಅದೇ ನೀರಿನ ತಿಳಿತನದ ಅಳತೆ. ನಾವು ಅಡಿಗೆಮನೆಯ ಹಳೆಯ ಪಿಂಗಾಣಿ ತಟ್ಟೆಗೆ ಬಲೆಯಂತೆ ದಾರ ಹೆಣೆದು ಇಳಿಬಿಟ್ಟೆವು. ಆಗಸ್ಟಿನಲ್ಲಿ ತಟ್ಟೆ ಒಂದು ಗೇಣಿಗೆ ಮರೆಯಾಯಿತು. ದೀಪಾವಳಿ ಕಳೆದು ನೋಡಿದಾಗ ಎರಡು ಮೊಳ. ಡಿಸೆಂಬರಿನಲ್ಲಿ ಒಂದು ಆಳಿಗೂ ಕಾಣುತ್ತಿತ್ತು. ಕ್ಯಾಮೆರಾ ಕೊಳ್ಳಬೇಕೆನ್ನುವವರಿಗೆ ನಮ್ಮ ಮೊದಲ ಸಲಹೆ ಇದೇ: ಅಂಗಡಿಗೆ ಹೋಗುವ ಮುನ್ನ ತಟ್ಟೆ ಹಿಡಿದು ನೀರಿಗೆ ಹೋಗಿ. ವರ್ಷವಿಡೀ ತಟ್ಟೆ ಗೇಣಿಗೇ ಮಾಯವಾಗುವ ಕೆರೆಯಾದರೆ ಕ್ಯಾಮೆರಾದ ಆಸೆ ಬಿಟ್ಟು, ಶಬ್ದದಿಂದ ಮೀನನ್ನು ಪತ್ತೆ ಮಾಡುವ ಸೋನಾರ್ ಯಂತ್ರ ಕೊಳ್ಳುವುದು ಮೇಲು. ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಓಡುತ್ತದೆ. ಕೆಸರು ಅದನ್ನು ತಡೆಯುವುದಿಲ್ಲ. ಆ ಯಂತ್ರವೊಂದನ್ನು ಅಪ್ಪಯ್ಯನಿಗೆ ತೋರಿಸಿದೆವು. ಪರದೆಯ ಮೇಲೆ ಮೀನಿನ ಬದಲು ಗೆರೆಗಳೂ ಕಮಾನುಗಳೂ ಮೂಡಿದುವು. “ಈ ಗೆರೆ ನೋಡಿ ಎಂಥ ಮಾಡಲಿ? ಮೀನು ಎಲ್ಲಿ?” ಎಂದರು. ಆ ದಾರಿ ಮುಚ್ಚಿತು. ಆದರೆ ಎಷ್ಟೋ ತಿಂಗಳ ಮೇಲೆ ಅಪ್ಪಯ್ಯ ‘ಮೀನು ಎಲ್ಲಿ’ ಎಂದಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮೂರನೆಯದು ದೀಪ. ಆಳದಲ್ಲಿ ಬೆಳಕು ಕಡಮೆಯಾದ್ದರಿಂದ ಕ್ಯಾಮೆರಾಕ್ಕೆ ಸುತ್ತಲೂ ಪುಟ್ಟ ದೀಪಗಳಿರುತ್ತವೆ. ದೀಪ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಾವು ತಿಳಿದಿದ್ದೆವು. ಅದು ತಪ್ಪು. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಜಿನಲ್ಲಿ ಬಸ್ಸಿನ ದೊಡ್ಡ ದೀಪ ಹಾಕಿದರೆ ಎದುರಿಗೆ ಬಿಳಿಯ ಗೋಡೆ ಎದ್ದು ರಸ್ತೆಯೇ ಕಾಣದಾಗುವುದಿಲ್ಲವೆ? ನೀರಿನಲ್ಲಿ ತೇಲುವ ದೂಳಿನ ಮೇಲೆ ಬಿಳಿ ಬೆಳಕು ಬಿದ್ದರೂ ಹಾಗೆಯೇ. ಆದ್ದರಿಂದ ದೀಪವನ್ನು ಕುಗ್ಗಿಸುವ, ಪೂರ್ತಿ ಆರಿಸುವ ಗುಂಡಿ ಇರಲೇಬೇಕು. ಕೆಲವದರಲ್ಲಿ ನಮ್ಮ ಕಣ್ಣಿಗೆ ಕಾಣದ ಅತಿಕೆಂಪು ಬೆಳಕು ಇರುತ್ತದೆ. ಅದರಿಂದ ಮೀನು ಬೆದರುವುದಿಲ್ಲ. ಚಿತ್ರ ಕಪ್ಪು ಬಿಳುಪಾಗಿ ಬರುತ್ತದೆ. ಆದರೆ ಆ ಬೆಳಕನ್ನು ನೀರು ಬೇಗ ಹೀರುವುದರಿಂದ ಅದು ಹತ್ತಿರದ ನೋಟಕ್ಕಷ್ಟೇ ಸರಿ. ಎರಡೂ ಬಗೆಯ ದೀಪವಿದ್ದು ಬೇಕಾದದ್ದನ್ನು ಹಾಕಿಕೊಳ್ಳುವಂಥದು ಉತ್ತಮ.

ನಾಲ್ಕನೆಯದು ಆಳ. ಪೆಟ್ಟಿಗೆಯ ಮೇಲೆ ಐಪಿ 68 ಎಂದಿರುತ್ತದೆ. ಅದರಲ್ಲಿ 6 ಎಂದರೆ ದೂಳು ನುಗ್ಗದು. 8 ಎಂದರೆ ತಯಾರಕರು ಹೇಳಿದಷ್ಟು ಆಳದಲ್ಲಿ ಮುಳುಗಿಯೇ ಇರಬಹುದು. ‘ತಯಾರಕರು ಹೇಳಿದಷ್ಟು’ ಎಂಬುದರಲ್ಲಿಯೇ ಎಲ್ಲ ಇದೆ. ಆದ್ದರಿಂದ ಬರಿಯ 68 ನೋಡಿ ಮರುಳಾಗದೆ, ಎಷ್ಟು ಮೀಟರ್ ಎಂಬುದನ್ನು ಓದಬೇಕು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ನಮ್ಮ ತಲೆಯ ಮೇಲಿನ ಇಡೀ ವಾತಾವರಣದಷ್ಟು ಒತ್ತಡ ಹೊಸದಾಗಿ ಸೇರುತ್ತದೆ. ಅಪ್ಪಯ್ಯನ ಗಾಳ ಇಳಿಯುವುದು ಹೆಚ್ಚೆಂದರೆ ಎರಡು ಆಳು. ನಮಗೆ 15 ಮೀಟರ್ ತಂತಿ ಧಾರಾಳ. 50 ಮೀಟರಿನದಕ್ಕೆ ದುಡ್ಡು ಸುರಿದರೆ ಆ ತಂತಿಯ ಸಿಕ್ಕು ಬಿಡಿಸುವುದರಲ್ಲಿಯೇ ಭಾನುವಾರ ಮುಗಿಯುತ್ತದೆ.

ಐದನೆಯದು ಗಾಜು. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಅದರಿಂದಾಗಿ ಗಾಳಿಯಲ್ಲಿ 90 ಡಿಗ್ರಿ ಅಗಲ ನೋಡುವ ಲೆನ್ಸು, ಚಪ್ಪಟೆ ಗಾಜಿನ ಹಿಂದೆ ಕುಳಿತು ನೀರಿನಲ್ಲಿ ನೋಡುವುದು ಸುಮಾರು 64 ಡಿಗ್ರಿಯಷ್ಟೆ. ಆದ್ದರಿಂದ ಅಗಲ ನೋಟದ್ದನ್ನೇ ಆರಿಸಬೇಕು. ಇದೇ ಕಾರಣಕ್ಕೆ ಮೀನು ನಿಜಕ್ಕಿಂತ ಹತ್ತಿರವೂ ಮೂರರಲ್ಲೊಂದು ಪಾಲು ಹೆಚ್ಚು ದೊಡ್ಡದೂ ಆಗಿ ಕಾಣುತ್ತದೆ. ಗಾಳ ಹಾಕುವವರ ಮಾತಿನಲ್ಲಿ ಮೀನು ದೊಡ್ಡದಾಗುವುದು ಹೊಸದಲ್ಲ. ಅದಕ್ಕೆ ಈಗ ಭೌತಶಾಸ್ತ್ರದ ಬೆಂಬಲವೂ ಸಿಕ್ಕಿತು!

ಕೊನೆಯದು, ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಪರದೆ. ಅಂಗಡಿಯ ತಣ್ಣನೆಯ ದೀಪದಲ್ಲಿ ಎಲ್ಲ ಪರದೆಯೂ ಚೆನ್ನ. ಬಿಸಿಲಿಗೆ ತಂದಾಗಲೇ ಅದರ ಯೋಗ್ಯತೆ ತಿಳಿಯುವುದು. ಪುಣೆಯ ಅಂಗಡಿಯವರನ್ನು ಬೇಡಿಕೊಂಡು ಎರಡು ಮಾದರಿಗಳನ್ನು ರಸ್ತೆಯ ಬಿಸಿಲಿಗೆ ತಂದೆವು. ಅಪ್ಪಯ್ಯ ಒಂದು ಸ್ಟೂಲಿನ ಮೇಲೆ ಕುಳಿತರು. 4.3 ಅಂಗುಲದ ಪರದೆಯಲ್ಲಿ ಅವರಿಗೆ ಏನೂ ಹತ್ತಲಿಲ್ಲ. 7 ಅಂಗುಲದ್ದನ್ನು, ಮೇಲೆ ಬಿಸಿಲು ಮರೆಮಾಡುವ ಸೂರಿದ್ದದ್ದನ್ನು, ಒಂದು ಮೊಳ ದೂರದಲ್ಲಿ ನೇರ ಎದುರಿಗೆ ಹಿಡಿದೆವು. ಮಗ ಕ್ಯಾಮೆರಾದ ಮುಂದೆ ಬೆರಳು ಅಲ್ಲಾಡಿಸಿದ. “ಮೂರು ಬೆರಳು. ಒಂದರ ಉಗುರು ಕತ್ತರಿಸಿಲ್ಲ,” ಎಂದರು ಅಪ್ಪಯ್ಯ. ಅಲ್ಲಿಯೇ ಹಣ ಎಣಿಸಿದೆವು.

ಡಿಸೆಂಬರಿನ ಎರಡನೆಯ ಭಾನುವಾರ ಮೊಳೆಯಿಂದ ಕೋಲು ಇಳಿಯಿತು. ಕ್ಯಾಮೆರಾವನ್ನು ಗಾಳದಿಂದ ಒಂದು ಮೊಳ ಆಚೆ, ದಾರ ಸಿಕ್ಕಿಕೊಳ್ಳದಂತೆ ಇಳಿಬಿಟ್ಟು ದೀಪ ಆರಿಸಿದೆವು. ಮೊದಲು ಬರೀ ದೂಳು. ದೂಳು ಕುಳಿತ ಮೇಲೆ ಕಲ್ಲು, ಒಂದು ಮುರಿದ ಕೊಂಬೆ, ನಡುವೆ ತೂಗುವ ಎರೆಹುಳು. ಹತ್ತು ನಿಮಿಷ ಕಳೆದ ಮೇಲೆ ಎಡಗಡೆಯಿಂದ ಒಂದು ಮೀನು ಬಂತು. ನಿಂತಿತು, ಎರೆಯನ್ನು ನೋಡಿತು, ಬಾಯಿಗೆ ಎಳೆದುಕೊಂಡಿತು, ಮರುಕ್ಷಣವೇ ಉಗುಳಿ ಹೋಯಿತು. ಬೆಂಡು ಅಲುಗಲೇ ಇಲ್ಲ! ಇನ್ನೊಂದು ಬಂತು, ಅದೂ ಹಾಗೆಯೇ. ಅಪ್ಪಯ್ಯ ಪರದೆಗೆ ಮುಖ ಹಚ್ಚಿ ಕುಳಿತಿದ್ದರು.

“ನೋಡ್ರೋ ಇವನ್ನ! ಅರವತ್ತು ವರ್ಷ ನಾನು ಮೀನಿಲ್ಲ, ಮೀನಿಲ್ಲ ಅಂತ ಎದ್ದು ಬಂದೆನಲ್ಲ! ಇವು ಬಂದು ನೋಡಿ ಹೋಗ್ತಿದ್ವು ಮಾರಾಯ!”

ನಕ್ಕರು. ಅವ್ವ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾವು ಕಂಡಿರಲಿಲ್ಲ. ಆ ದಿನ ಸಿಕ್ಕದ್ದು ಅಂಗೈಯಗಲದ ಎರಡು ಮೀನು. ಒಂದನ್ನು ಅಪ್ಪಯ್ಯ ತಾವೇ ಪರದೆಯಲ್ಲಿ ನೋಡಿ, ತಾವೇ ಎಳೆದರು. ಯಾರೂ ಕೂಗಲಿಲ್ಲ.

ಕಣ್ಣಿಟ್ಟು ಮೀನು ಹಿಡಿಯುವುದು ನ್ಯಾಯವೆ ಎಂಬ ಪ್ರಶ್ನೆಯನ್ನು ನಮ್ಮ ಕನ್ನಡ ಸಂಘದ ಗೆಳೆಯರೊಬ್ಬರು ಎತ್ತಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಾರ್ಚಿಯಲ್ಲಿ ಅಪ್ಪಯ್ಯನೇ ಉತ್ತರ ಕೊಟ್ಟರು. ಅಂದು ದಡಕ್ಕೆ ಹತ್ತಿರದ ಕಡಮೆ ನೀರಿನಲ್ಲಿ ಗಾಳ ಬಿಟ್ಟಿದ್ದರು. ಪರದೆಯಲ್ಲಿ ಒಂದು ಜಿಲೇಬಿ ಮೀನು. ಇಲ್ಲಿಯವರು ಇದನ್ನು ಚಿಲಾಪಿ ಎನ್ನುತ್ತಾರೆ. ಆಫ್ರಿಕದಿಂದ 1952ರಲ್ಲಿ ಭಾರತಕ್ಕೆ ತಂದ ಜಾತಿ. ಈಗ ಊರ ಮೀನುಗಳಿಗೇ ಜಾಗವಿಲ್ಲದಂತೆ ಬೆಳೆದಿದೆಯೆಂದು ಹಿನ್ನೀರಿನವರು ಬಯ್ಯುತ್ತಾರೆ. ಅರ್ಧ ಗಂಟೆಯಾದರೂ ಅದು ಎರೆಯ ಬಳಿ ಸುಳಿಯಲಿಲ್ಲ, ಜಾಗ ಬಿಟ್ಟೂ ಹೋಗಲಿಲ್ಲ. ಅದರ ಮುಂದೆ ಹೊಗೆಯಂತೆ ಏನೋ ಆಡುತ್ತಿತ್ತು. ಮಗ ಕ್ಯಾಮೆರಾವನ್ನು ಒಂದಿಷ್ಟು ಸರಿಸಿದ. ಆ ಅಲುಗಾಟಕ್ಕೆ ಹೊಗೆಯೆಲ್ಲ ಒಟ್ಟಾಗಿ ಮೀನಿನ ಬಾಯೊಳಗೆ ನುಗ್ಗಿ ಮಾಯವಾಯಿತು! ಹೊಗೆಯಲ್ಲ, ಮರಿಗಳು. ಈ ಜಾತಿಯ ತಾಯಿ ಮೊಟ್ಟೆಯನ್ನು ಬಾಯಲ್ಲಿಯೇ ಇಟ್ಟು ಮರಿ ಮಾಡುತ್ತದೆ. ಮರಿಯಾದ ಮೇಲೂ ಕೆಲವು ದಿನ ಅಪಾಯ ಬಂದರೆ ಬಾಯಿ ತೆರೆದು ಒಳಗೆ ಕರೆದುಕೊಳ್ಳುತ್ತದೆ. ಅಷ್ಟು ದಿನವೂ ಅದಕ್ಕೆ ಹೆಚ್ಚು ಕಡಮೆ ಉಪವಾಸ. ಎರೆಗೆ ಬಾರದಿದ್ದದ್ದು ಹಸಿವಿಲ್ಲದೆ ಅಲ್ಲ, ಬಾಯಿಗೆ ಬಿಡುವಿಲ್ಲದೆ.

ಅಪ್ಪಯ್ಯ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ದಾರ ಎಳೆದುಕೊಂಡರು. “ಬಾಣಂತಿ ಮನೆ ಎದುರು ಕೂತು ಗಾಳ ಹಾಕೋದಾ? ಏಳ್ರೋ, ಅತ್ಲಾಗೆ ಹೋಗಾಣ,” ಎಂದರು. ಬೆಂಡು ನೋಡಿ ಕೂತಿದ್ದ ಕಾಲದಲ್ಲಿ ಇಂಥ ಎಷ್ಟು ಮನೆಯೆದುರು ಕೂತಿದ್ದೆನೋ ಎಂದು ದಾರಿಯಲ್ಲಿ ತಮಗೆ ತಾವೇ ಹೇಳಿಕೊಂಡರು.

ಈಗ ಭಾನುವಾರ ಮನೆಗೆ ಬಂದೊಡನೆ ಎರಡು ಕೆಲಸ. ಕ್ಯಾಮೆರಾವನ್ನು ಒಂದು ಬಕೆಟ್ ನಲ್ಲಿನೀರಿನಲ್ಲಿ ತೊಳೆದು, ರಬ್ಬರು ಬಳೆಯಲ್ಲಿ ಮರಳು ಕೂತಿದೆಯೇ ನೋಡಿ, ಪೂರ್ತಿ ಒಣಗಿದ ಮೇಲೆಯೇ ವಿದ್ಯುತ್ತಿಗೆ ಸಿಕ್ಕಿಸುವುದು ಮಗನ ಪಾಲು. ಅಪ್ಪಯ್ಯನ ಕಣ್ಣಿಗೆ ಹನಿ ಹಾಕುವುದು ನಮ್ಮ ಪಾಲು. ಹೋದ ತಿಂಗಳು ಡಾಕ್ಟರು ನೋಡಿ, ನೋಟ ಇನ್ನಷ್ಟು ಇಳಿದಿಲ್ಲ ಎಂದರು. ಏರಿದೆ ಎನ್ನಲಿಲ್ಲ, ಅದು ಏರುವ ರೋಗವಲ್ಲ. ಈ 7 ಅಂಗುಲವೂ ಒಂದು ದಿನ ಸಾಲದೆ ಹೋಗಬಹುದು. ಅದು ನಮಗೂ ಗೊತ್ತು, ಅಪ್ಪಯ್ಯನಿಗೂ ಗೊತ್ತು.

ಬರುವ ಮೇ ತಿಂಗಳಲ್ಲಿ ತೀರ್ಥಹಳ್ಳಿಗೆ ಹೊರಟಿದ್ದೇವೆ. ಛಿಬ್ಬಲುಗುಡ್ಡೆಯ ಮೀನನ್ನು ನೀರೊಳಗಿಂದ ಅಜ್ಜಯ್ಯನಿಗೆ ತೋರಿಸಬೇಕೆಂದು ಮಗ ಕ್ಯಾಮೆರಾ ಕಟ್ಟಲು ಹೊರಟ. ಅಪ್ಪಯ್ಯ ತಡೆದರು.

“ಅಲ್ಲಿಗೆ ಅದು ಬ್ಯಾಡ. ಅವು ಮಂಡಕ್ಕಿ ಹಾಕಿದ್ರೆ ಮೇಲೇ ಬರ್ತಾವೆ. ಬಾಯಿ ಚಪ್ಪರಿಸೋ ಸದ್ದು ಕೇಳಿದ್ರೆ ಸಾಕು ನಂಗೆ.”

ಕ್ಯಾಮೆರಾ ಪುಣೆಯಲ್ಲಿಯೇ ಉಳಿಯುವುದೆಂದು ತೀರ್ಮಾನವಾಗಿದೆ. ಮಂಡಕ್ಕಿಯನ್ನು ಇಲ್ಲಿಂದಲೇ ಒಯ್ಯಬೇಕೆ, ತೀರ್ಥಹಳ್ಳಿಯ ಪೇಟೆಯಲ್ಲಿ ಕೊಳ್ಳಬೇಕೆ ಎಂಬ ಚರ್ಚೆ ಮಾತ್ರ ಇನ್ನೂ ನಡೆದಿದೆ.